ಕಂದು ಪ್ಯಾಂಟಿನ ಸೊಂಟ

ಟೈಲರ್ ಮಾಸ್ಟ್ರು ಐವತ್ತೆರಡನೆಯ ವಯಸ್ಸಿನಲ್ಲಿ ಈಜು ಕಲಿಯಲು ಹೊರಟದ್ದು ಷೋಕಿಗಲ್ಲ. ಮೂವತ್ತು ವರ್ಷ ಹೊಲಿಗೆ ಮಿಷನ್ನಿನ ಮುಂದೆ ಕೂತು ಬೆಳೆಸಿದ ಹೊಟ್ಟೆ ಅದುವರೆಗೆ ಯಾರಿಗೂ ಕೆಟ್ಟದ್ದು ಮಾಡಿರಲಿಲ್ಲ. ಆದರೆ ಒಬ್ಬಳೇ ಮಗಳಿಗೆ ಇಪ್ಪತ್ತು ತುಂಬುವ ಹೊತ್ತಿಗೆ ಅವಳ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ದಿನ ಆಸ್ಪತ್ರೆಯ ಯಂತ್ರದ ಪಕ್ಕ ಮಲಗಿ ರಕ್ತ ಸೋಸಿಕೊಂಡು ಬರಬೇಕು. ಹೆಂಡತಿಗೆ ಸಕ್ಕರೆ ಕಾಯಿಲೆ, ಅವಳ ಕಿಡ್ನಿ ಬೇಡವೆಂದರು. ಮಾಸ್ಟ್ರದ್ದು ಎಲ್ಲವೂ ಹೊಂದುತ್ತಿತ್ತು, ತೂಕವೊಂದನ್ನು ಬಿಟ್ಟು. ತೊಂಬತ್ತೆಂಟು ಕಿಲೋ ಇದ್ದವರು ನಾಲ್ಕು ತಿಂಗಳಲ್ಲಿ ಎಂಬತ್ತಾರಕ್ಕೆ ಇಳಿದರೆ ಮಾತ್ರ ಆಪರೇಷನ್ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು.

ನಡೆಯೋಣವೆಂದರೆ ಮೊಣಕಾಲು ಎರಡೂ ಸವೆದಿದ್ದವು. ಅದಕ್ಕೇ ಡಾಕ್ಟರು ಈಜಿಗೆ ಕಳಿಸಿದ್ದು. ನೀರಿನಲ್ಲಿ ಮೈಭಾರ ಮಂಡಿಯ ಮೇಲೆ ಬೀಳುವುದಿಲ್ಲ, ಎದೆಗೆ ಮಾತ್ರ ಬೇಕಾದಷ್ಟು ಕೆಲಸ. ಎರಡು ಬೀದಿಯಾಚೆ ಹಳೆಯದೊಂದು ಈಜುಕೊಳವಿತ್ತು. ಅಲ್ಲಿ ಕಲಿಸುವವಳು ಅರವತ್ತು ದಾಟಿದ ಹೆಂಗಸು, ಕೊರಳಲ್ಲಿ ಸದಾ ಒಂದು ಸೀಟಿ. ಎಲ್ಲರೂ ಅವಳನ್ನು ಕೋಚಮ್ಮ ಎನ್ನುತ್ತಿದ್ದರು. ಮೊದಲ ದಿನ ಮಾಸ್ಟ್ರು ಕೊಳದಂಚಿನ ಕಂಬಿ ಬಿಟ್ಟ ತಕ್ಷಣ ಮುಳುಗುತ್ತೇನೆಂದು ಹೆದರಿ ಕಣ್ಣು ಮುಚ್ಚಿದರೆ, ಮೈ ತಾನಾಗಿ ತೇಲಿತು. ಕೊಬ್ಬಿಗೆ ನೀರು ಕಂಡರೆ ಅಷ್ಟು ಪ್ರೀತಿ. ಅವರು ಸಂತೋಷದಿಂದ ನಕ್ಕರು. ಕೋಚಮ್ಮ ನಗಲಿಲ್ಲ.

"ತೇಲೋದಕ್ಕೇನು, ಮರದ ದಿಮ್ಮಿನೂ ತೇಲುತ್ತೆ ಮಾಸ್ಟ್ರೇ. ಕೊಬ್ಬು ಕರಗ್ಬೇಕು ಅಂದ್ರೆ ಎದೆ ಢವಢವ ಅನ್ಬೇಕು."

ನೀರಿಗಿಳಿದವನಿಗೆ ಚಳಿಯೇನು ಮಳೆಯೇನು ಎಂದುಕೊಂಡು ಮಾಸ್ಟ್ರು ದಿನಾ ಬೆಳಿಗ್ಗೆ ಹೋದರು. ಮೂರು ವಾರ ಉಸಿರು ಬಿಡುವುದನ್ನು ಕಲಿಯುವುದರಲ್ಲೇ ಕಳೆಯಿತು. ಮೂಗಿಗೆ ನೀರು, ಕಣ್ಣಿಗೆ ಕೊಳಕ್ಕೆ ಹಾಕಿದ ಔಷಧಿಯ ಉರಿ, ದಡದ ಬೆಂಚಿನ ಮೇಲೆ ಕೂತವರ ಮುಸಿಮುಸಿ ನಗು. ಆಮೇಲೆ ಲೆಕ್ಕದ ಈಜು: ಒಂದು ಸುತ್ತು ಜೋರಾಗಿ, ಒಂದು ಸುತ್ತು ನಿಧಾನ, ಮತ್ತೆ ಜೋರು. ಹೀಗೆ ಮುಕ್ಕಾಲು ಗಂಟೆ. ಹತ್ತು ಉಸಿರಿಗಿಂತ ಹೆಚ್ಚು ಗೋಡೆ ಹಿಡಿದರೆ ಕೋಚಮ್ಮನ ಸೀಟಿ.

ಈಜಿದ ಮೇಲಿನ ಹಸಿವಿನ ಬಗ್ಗೆ ಮಾತ್ರ ಅವರಿಗೆ ಯಾರೂ ಹೇಳಿರಲಿಲ್ಲ. ತಣ್ಣೀರಿನಿಂದ ಮೇಲೆ ಬಂದರೆ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಗುತ್ತಿತ್ತು. ಮನೆಗೆ ಬಂದು ತಟ್ಟೆಯಲ್ಲಿನ ಎರಡು ಹಿಡಿ ಊಟ ಮುಗಿಸಿ, ಇನ್ನೂ ಬೇಕೆನ್ನುವ ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂರುತ್ತಿದ್ದರು. ಒಂದು ದಿನ ಖಾಲಿ ತಟ್ಟೆ ನೋಡುತ್ತಾ ಕಣ್ಣಲ್ಲಿ ನೀರು ಬಂತು. ಯಾರೂ ನೋಡಲಿಲ್ಲವೆಂದುಕೊಂಡು ತೋಳಿನಿಂದ ಒರೆಸಿಕೊಂಡರು.

ಎರಡು ತಿಂಗಳು ಬಿಟ್ಟು ಬನ್ನಿ, ಅಲ್ಲಿಯವರೆಗೆ ತಕ್ಕಡಿ ಹತ್ತಿ ತಲೆ ಕೆಡಿಸಿಕೊಳ್ಳಬೇಡಿ ಎಂದಿದ್ದರು ಡಾಕ್ಟರು. ಹಾಗಂತ ಸುಮ್ಮನಿರಲು ಆಗುತ್ತದೆಯೇ? ಟೇಪು ಕೊರಳಲ್ಲೇ ಜೋತಾಡುತ್ತಿತ್ತು, ಆದರೆ ಅದನ್ನು ಸ್ವಂತ ಸೊಂಟಕ್ಕೆ ಸುತ್ತುವ ಹಾಗಿರಲಿಲ್ಲ. ತನ್ನ ಅಳತೆ ತಾನು ತೆಗೆಯುವ ಟೈಲರು ಹೊಟ್ಟೆ ಒಳಗೆಳೆದುಕೊಂಡು ಸುಳ್ಳು ಬರೆಯುತ್ತಾನೆ ಎಂದು ಕೆಲಸ ಕಲಿಸಿದ ಗುರು ಹೇಳಿದ್ದರು. ಮಾಸ್ಟ್ರು ಆ ಮಾತನ್ನು ಎಂದೂ ಮೀರಿದವರಲ್ಲ. ಬದಲಿಗೆ ನಾಲ್ಕು ವರ್ಷದ ಹಿಂದೆ, ಇಷ್ಟು ದಪ್ಪಗಾಗುವ ಮೊದಲು ಹೊಲಿದುಕೊಂಡ ಕಂದು ಪ್ಯಾಂಟನ್ನು ಪೆಟ್ಟಿಗೆಯಿಂದ ತೆಗೆದರು. ಭಾನುವಾರಕ್ಕೊಮ್ಮೆ ಅದನ್ನು ಹಾಕಿ ನೋಡುವುದು. ಪ್ಯಾಂಟಿಗೆ ದಾಕ್ಷಿಣ್ಯವಿಲ್ಲ.

ಮೊದಲ ಮೂರು ಭಾನುವಾರ ಕೊಕ್ಕೆ ಸೇರಲಿಲ್ಲ. ನಾಲ್ಕು ಬೆರಳಿನ ಸಂದು ಹಾಗೇ ಉಳಿದಿತ್ತು. ನಾಲ್ಕನೆಯ ಭಾನುವಾರ ಸಂದು ಮೂರು ಬೆರಳಿಗೆ ಇಳಿಯಿತು. ಆರನೆಯದರಲ್ಲಿ ಕೊಕ್ಕೆ ಸೇರಿತು. ಅಂಗಡಿಯಾಗಿದ್ದ ಮುಂದಿನ ಕೋಣೆಯಲ್ಲಿ ಮಗಳು ಅಂಚು ಮಡಚುತ್ತ ಕೂತಿದ್ದಳು. ಆಸ್ಪತ್ರೆ ಇಲ್ಲದ ದಿನ ಎರಡನೆಯ ಮಿಷನ್ನು ಅವಳದು. ಮಾಸ್ಟ್ರು ಅವಳ ಮುಂದೆ ಒಂದು ಸುತ್ತು ತಿರುಗಿ ತೋರಿಸಿದರು. ಇವತ್ತಾದರೂ ಹೊಟ್ಟೆ ತುಂಬ ಊಟ ಮಾಡೆಂದು ಮಗಳು ಹಟ ಹಿಡಿದಳು. ಮಾಡಿದರು. ಎಷ್ಟೋ ದಿನದ ಮೇಲೆ ಮೂವರೂ ಒಟ್ಟಿಗೆ ಕೂತು ಉಂಡರು.

ಅಲ್ಲಿಂದ ಹಿಡಿತ ಸ್ವಲ್ಪ ಸಡಿಲವಾಯಿತು. ಹೇಗೂ ಇಳಿಯುತ್ತಿದೆಯಲ್ಲ ಎಂದು ಊಟಕ್ಕೆ ಎರಡು ತುತ್ತು ಸೇರಿತು, ಈಜಿಗೆ ನಾಲ್ಕು ಸುತ್ತು ಕಡಿಮೆಯಾಯಿತು. ಸೀಟಿ ಊದಿದ ಕೋಚಮ್ಮನಿಗೆ ಪ್ಯಾಂಟಿನ ಕಥೆ ಹೇಳಿ ಬಾಯಿ ಮುಚ್ಚಿಸಿದರು.

ಎರಡು ತಿಂಗಳು ತುಂಬಿದ ದಿನ ಅದೇ ಕಂದು ಪ್ಯಾಂಟು ಹಾಕಿಕೊಂಡು ಒಬ್ಬರೇ ಆಸ್ಪತ್ರೆಗೆ ಹೋದರು. ಸೊಂಟದೊಳಗೆ ಅಂಗೈ ತೂರಿಸುವಷ್ಟು ಜಾಗ ಇತ್ತು. ತಕ್ಕಡಿ ತೊಂಬತ್ತೈದು ಎಂದಿತು. ಬೆಲ್ಟು ತೆಗೆದು ಹತ್ತಿದರು. ಜೇಬಿನ ಬೀಗದ ಕೈ ತೆಗೆದಿಟ್ಟು ಮತ್ತೆ ಹತ್ತಿದರು. ತೊಂಬತ್ತೈದೇ. ಮೂರೇ ಕಿಲೋ. ಮಗಳ ಕೈಯ ರಕ್ತನಾಳಗಳು ಒಂದೊಂದಾಗಿ ಹಾಳಾಗುತ್ತಿವೆ, ನಿಮ್ಮದು ಆಗದಿದ್ದರೆ ಬೇರೆಯವರ ಕಿಡ್ನಿಗೆ ಪಟ್ಟಿಯಲ್ಲಿ ಕಾಯಬೇಕು, ಸರದಿ ಬರಲು ಐದಾರು ವರ್ಷ, ಅಷ್ಟು ದಿನ ಅವಳು ತಡೆಯುತ್ತಾಳೆಂದು ನಾನು ಹೇಳಲಾರೆ ಎಂದು ಡಾಕ್ಟರು ಮೆತ್ತಗೆ ಹೇಳಿದರು. ಮಾಸ್ಟ್ರು ಮೆಟ್ಟಿಲಿಳಿದು ಹೊರಟರು. ಎರಡು ತಿಂಗಳು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ ಎಂದು ಬೀದಿಯುದ್ದಕ್ಕೂ ತಮ್ಮನ್ನೇ ಶಪಿಸಿಕೊಂಡರು.

ಊರಿಗೆಲ್ಲ ಹೊಲಿಯುವವನು ತನ್ನ ಪ್ಯಾಂಟನ್ನು ಒಳಮೈ ತಿರುಗಿಸಿ ನೋಡುವುದುಂಟೆ? ಮೂರೇ ಕಿಲೋ ಇಳಿದರೂ ಸೊಂಟ ಇಷ್ಟು ಸಡಿಲವಾದದ್ದು ಹೇಗೆಂದು ಆ ಮಧ್ಯಾಹ್ನ ನೋಡಿದರು. ಹಿಂಬದಿಯ ನಡುಹೊಲಿಗೆಯ ಪಕ್ಕದಲ್ಲಿ ಐದು ಸಾಲು ಹಳೆಯ ಸೂಜಿತೂತು. ಪ್ರತಿ ಸಾಲೂ ಹಿಂದಿನದಕ್ಕಿಂತ ಕಾಲಂಗುಲ ಆಚೆ. ಯಾರೋ ವಾರ ವಾರ ಹೊಲಿಗೆ ಬಿಚ್ಚಿ, ಒಳಗೆ ಮಡಚಿಟ್ಟಿದ್ದ ಮಾರ್ಜಿನ್ ಬಟ್ಟೆಯನ್ನು ಹೊರಗೆ ಬಿಡುತ್ತಾ ಬಂದಿದ್ದರು. ಯಾರೋ ಏನು, ಕೊನೆಯಲ್ಲಿ ಮೂರು ಸಲ ಹಿಂದೆ ಮುಂದೆ ಓಡಿಸಿ ಗಟ್ಟಿ ಮಾಡಿದ ಹೊಲಿಗೆ ಅಲ್ಲೇ ಹೆಸರು ಹೇಳುತ್ತಿತ್ತು. ಎರಡು ಸಲ ಸಾಕು, ಮೂರನೆಯದು ದಾರಕ್ಕೆ ದಂಡ ಎಂದು ಎಷ್ಟು ಬೈದರೂ ಮಗಳು ಆ ಅಭ್ಯಾಸ ಬಿಟ್ಟಿರಲಿಲ್ಲ. ಮಾರ್ಜಿನ್ನಿನ ಪಾಠ ಹೇಳಿಕೊಟ್ಟವರೂ ಅವರೇ. ಅದಕ್ಕೆ ಎಂದೂ ಕತ್ತರಿ ಇಡಬೇಡ, ಮನುಷ್ಯನ ಮೈ ಇವತ್ತಿದ್ದ ಹಾಗೆ ನಾಳೆ ಇರುವುದಿಲ್ಲ ಎಂದಿದ್ದರು.

ಪ್ಯಾಂಟನ್ನು ಅವಳ ಮಿಷನ್ನಿನ ಮೇಲೆ ಹರಡಿದರು. ತಕ್ಕಡಿ ಹೇಳಿದ್ದನ್ನೂ ಡಾಕ್ಟರು ಹೇಳಿದ್ದನ್ನೂ ಹೇಳಿದರು. ಮಗಳು ತಲೆ ಎತ್ತಲಿಲ್ಲ.

"ತಟ್ಟೆ ಮುಂದೆ ಕೂತು ಅಳ್ತಿದ್ದೆ ನೀನು. ತುಟಿ ನೀಲಿ ಮಾಡ್ಕೊಂಡು ಬರ್ತಿದ್ದೆ. ನೀರಲ್ಲೇ ನಿನ್ನ ಎದೆ ನಿಂತ್ರೆ? ಹೋಗೋದಿದ್ರೆ ನಾನೊಬ್ಳು ಹೋಗ್ತೀನಪ್ಪ. ನೀನೂ ಹೋದ್ರೆ ಅಮ್ಮಂಗೆ ಯಾರು?"

ಕೋಪ ಮಾಡಿಕೊಳ್ಳಬೇಕೆಂದೇ ಮಾಸ್ಟ್ರು ಬಂದಿದ್ದರು. ಅದು ಎಲ್ಲಿ ಹೋಯಿತೋ.

"ನೀನು ಹೋದ್ಮೇಲೆ ಈ ಮೈ ಇಟ್ಕೊಂಡು ನಾನೇನು ಮಾಡ್ಲಿ, ಮಗಳೇ?"

ಮಾಸ್ಟ್ರು ಬ್ಲೇಡು ತೆಗೆದುಕೊಂಡು ಆ ಹೊಲಿಗೆಯನ್ನು ಬಿಚ್ಚಿದರು. ಎಂಬತ್ತಾರು ಕಿಲೋದ ಮನುಷ್ಯನಿಗೆ ಎಷ್ಟು ಸೊಂಟ ಇರಬಹುದೆಂದು ಅವರ ಕಣ್ಣಿಗೆ ಗೊತ್ತಿತ್ತು. ಮೂವತ್ತೆಂಟು ಅಂಗುಲಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆದು, ನೀನೇ ಹೊಲಿ ಎಂದರು. ಆಸ್ಪತ್ರೆಯ ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ್ದ ತೋಳಿನಿಂದ ಬಟ್ಟೆ ಒತ್ತಿ ಹಿಡಿದು ಅವಳು ಗೆರೆಯ ಮೇಲೆ ಹೊಲಿದಳು. ಕೊನೆಯಲ್ಲಿ ಮೂರು ಸಲ ಹಿಂದೆ ಮುಂದೆ ಓಡಿಸಿದಳು. ಮಾಸ್ಟ್ರು ಬೈಯಲಿಲ್ಲ.

ಆಮೇಲೆ ದೊಡ್ಡ ಕತ್ತರಿ ತೆಗೆದು, ಮೂವತ್ತು ವರ್ಷದಲ್ಲಿ ಯಾರ ಬಟ್ಟೆಗೂ ಮಾಡದ ಕೆಲಸ ಮಾಡಿದರು. ಮಾರ್ಜಿನ್ನನ್ನು ಹೊಲಿಗೆಯ ಅಂಚಿನವರೆಗೆ ಕತ್ತರಿಸಿ ತೆಗೆದರು. ಇನ್ನು ಆ ಪ್ಯಾಂಟಿನಲ್ಲಿ ಬಿಡುವುದಕ್ಕೆ ಬಟ್ಟೆ ಉಳಿದಿರಲಿಲ್ಲ. ಕತ್ತರಿಸಿದ ಎರಡು ಕಂದು ಪಟ್ಟಿಗಳನ್ನು ಮಗಳು ಮಡಿಲಲ್ಲಿ ಇಟ್ಟುಕೊಂಡು ಕೂತಳು. ಒಳಗಿಂದ ಹೆಂಡತಿ ತಟ್ಟೆ ಹಾಕಿದ್ದೇನೆಂದು ಕೂಗಿದಳು. ಮಾಸ್ಟ್ರು ಪ್ಯಾಂಟನ್ನು ಮೊಳೆಗೆ ನೇತುಹಾಕಿ, ಇನ್ನೂ ಒಣಗದ ಟವಲನ್ನು ಹೆಗಲಿಗೆ ಹಾಕಿಕೊಂಡು, ಈಜುಕೊಳದ ಕಡೆ ಹೊರಟರು.