ಮೇಸ್ತ್ರಿಯ ನಾಲಿಗೆ

ನಮ್ಮ ಮೇಸ್ತ್ರಿಯ ನಾಲಿಗೆಯ ನಡುವೆ ಉದ್ದಕ್ಕೊಂದು ಸೀಳುಗೆರೆ ಇತ್ತು. ಬೆಳಿಗ್ಗೆ ಬಾವಿಕಟ್ಟೆಯ ಮೇಲೆ ಕೂತು, ಬೊಗಸೆ ನೀರು ಬಾಯಿಗೆ ಹಾಕಿಕೊಂಡು, ಎರಡು ಸಲ ಉಗಿದು, ಮೂರನೆಯದನ್ನು ನುಂಗಿ, ಆ ನಾಲಿಗೆಯನ್ನು ಹೊರಗೆ ಚಾಚಿ ಗಾಳಿಗೆ ಹಿಡಿಯುತ್ತಿದ್ದರು. ಅದಾಗುವವರೆಗೆ ಗುಬ್ಬಿ ಹತ್ತಿರದ ನಮ್ಮ ಸಸಿತೋಟದಲ್ಲಿ ಒಂದು ಪಾತಿಗೂ ನೀರು ಹಾಯುತ್ತಿರಲಿಲ್ಲ. ಎಲೆಅಡಿಕೆ ಮುಟ್ಟಿದವರಲ್ಲ. ಕೇಳಿದರೆ, “ನಾಲಿಗೆಗೆ ಯಾರಾದ್ರೂ ಸುಣ್ಣ ಹೊಡೀತಾರಾ ಸ್ವಾಮಿ?” ಎನ್ನುತ್ತಿದ್ದರು.

ಸುತ್ತಮುತ್ತ ಯಾರು ಹೊಸ ಬಾವಿ ತೋಡಿಸಿದರೂ, ನೀರು ಕಂಡ ದಿನ ಗಾಡಿ ಕಟ್ಟಿಕೊಂಡು ಬಂದು ಇವರನ್ನು ಕರೆದೊಯ್ಯುತ್ತಿದ್ದರು. ಇವರು ಚಪ್ಪರಿಸಿ ನೋಡಿ ಮೂರರಲ್ಲಿ ಒಂದು ಮಾತು ಹೇಳುತ್ತಿದ್ದರು: ಮನುಷ್ಯರಿಗೆ, ಎಮ್ಮೆಗೆ, ಇಲ್ಲವೇ ಬಟ್ಟೆಗೆ. ಕುಣಿಗಲ್ ಕಡೆಯಿಂದಲೂ ಕರೆ ಬರುತ್ತಿತ್ತು. ಅಂಥ ದಿನ ಒಗೆದ ಪಂಚೆ ಉಟ್ಟು, ಮದುವೆ ಗಂಡಿನ ಹಾಗೆ ಗಾಡಿಯ ಮುಂದೆ ಕೂರುತ್ತಿದ್ದರು. ಆಳುಗಳು ಕಿಚಾಯಿಸಿದರೆ ಅವರಿಗೆ ಇನ್ನೂ ಖುಷಿ.

ಐವತ್ತರ ದಶಕದ ಕೊನೆಯಲ್ಲಿ ಆ ಸರ್ಕಾರಿ ತೋಟ ನೋಡಿಕೊಳ್ಳುವ ಕೆಲಸಕ್ಕೆ ನಾನು ಬಂದೆ. ತಲೆತುಂಬ ಕಾಲೇಜಿನ ಪಾಠ; ಕೆಲಸ ಮಾತ್ರ ಇನ್ನೂ ಕಾಯಂ ಆಗಿರಲಿಲ್ಲ. ಆ ಬೇಸಿಗೆ ಸಿಹಿನೀರಿನ ಬಾವಿ ತಳ ಕಂಡಿತು. ಪಾತಿಗಳಲ್ಲಿ ಕಾಡುನಿಂಬೆಯ ಸಸಿಗಳು ಮೊಣಕಾಲುದ್ದ ಎದ್ದಿದ್ದವು, ಮಳೆಗಾಲಕ್ಕೆ ಅವುಗಳಿಗೆ ಕಿತ್ತಳೆಯ ಕಸಿ ಕಟ್ಟಬೇಕು. ಬೇಲಿಯಾಚೆಯ ಹಳೇ ಬಾವಿಯಲ್ಲಿ ನೀರೇನೋ ಇತ್ತು. ನಾವಿಬ್ಬರೇ ಹೋದೆವು. ಮೇಸ್ತ್ರಿ ಬಾಯಿಗಿಟ್ಟವರೇ ಥೂ ಎಂದು ಉಗಿದರು.

“ಸವಳು ಸ್ವಾಮಿ. ತೆಂಗಾದ್ರೆ ತಡ್ಕಂತೈತೆ, ನಿಂಬೆ ಸಸಿ ತಡ್ಕಳಲ್ಲ. ಬ್ಯಾಡ.”

“ನಿಮ್ಮ ನಾಲಿಗೆ ನಂಬ್ಕೊಂಡು ಸಸಿ ಒಣಗಿಸ್ಲಾ? ಬಿಡಿ ನೀರು,” ಎಂದೆ. ಎಂಥ ಧಿಮಾಕು ನನ್ನದು!

ವಾರ ಕಳೆಯಿತು. ಸಸಿಗಳು ಹಸಿರಾಗೇ ಇದ್ದವು. “ನೋಡಿದ್ರಾ?” ಎಂದು ಅಣಕಿಸಿದೆ. “ಎಲೆ ಹೇಳೋದು ಆಮ್ಯಾಕೆ ಸ್ವಾಮಿ. ಬೇರು ಆಗ್ಲೇ ಉಂಡೈತೆ,” ಎಂದರು. ಹಾಗೇ ಆಯಿತು. ಮೊದಲು ಎಲೆಯ ತುದಿ ಸುಟ್ಟಿತು, ಆಮೇಲೆ ಅಂಚು. ಪಾತಿಯ ಮಣ್ಣಿನ ಮೇಲೆ ಬೆಳ್ಳಗೆ ಉಪ್ಪು ಕೂತಿತು. ಎಲೆಯೆಲ್ಲ ಉದುರಿ ಕೊನೆಗೆ ಬರೀ ಕಡ್ಡಿಗಳು ನಿಂತವು.

ತುಮಕೂರಿನಿಂದ ಮೇಲಧಿಕಾರಿ ಬಂದರು. “ಯಾರು ಈ ನೀರು ಬಿಡಿಸಿದ್ದು?” ಎಂದು ಆಳುಗಳೆದುರಿಗೇ ಗುಡುಗಿದರು. ನಾನು ಬಗ್ಗಿ ಪಾತಿಯ ಉಪ್ಪು ಕೆರೆಯತೊಡಗಿದೆ. ಮನೆಯಲ್ಲಿ ಹೆಂಡತಿ ತುಂಬಿದ ಬಸುರಿ. ಅದು ಮೇಸ್ತ್ರಿಗೂ ಗೊತ್ತಿತ್ತು.

“ನಾನೇ ಬುದ್ಧೀ,” ಎಂದರು ಅವರು. “ರುಚಿ ಹತ್ಲಿಲ್ಲ. ನಾಲಿಗೆ ಮೋಸ ಮಾಡ್ಬುಡ್ತು.”

“ನಾಲಿಗೆ ಸತ್ತಿದೆ ಮುದುಕನಿಗೆ,” ಎಂದು ಅಧಿಕಾರಿ ಜೀಪು ಹತ್ತಿದರು. ಯಾಕೆ ಹಂಗಂದ್ರಿ ಮೇಸ್ತ್ರಿ ಎಂದು ಆಮೇಲೆ ಕೇಳಿದೆ. “ನೀವೂ ಎಳೇ ಸಸಿ ಸ್ವಾಮಿ, ತಡ್ಕಳಲ್ಲ,” ಎಂದು ನಕ್ಕರು.

ಅವರ ಕೆಲಸ ಹೋಗಲಿಲ್ಲ. ಆದರೆ ಅಧಿಕಾರಿಯ ಮಾತು ಗುಬ್ಬಿ ಸಂತೆಗೆ ಹೋಯಿತು, ಅಲ್ಲಿಂದ ಊರೂರಿಗೆ. ಮತ್ತೆ ಒಂದೇ ಒಂದು ಗಾಡಿಯೂ ಅವರನ್ನು ಕರೆಯಲು ಬರಲಿಲ್ಲ. ರಸ್ತೆಯಲ್ಲಿ ಗಾಡಿ ಸದ್ದಾದರೆ ಗುದ್ದಲಿ ನಿಲ್ಲಿಸಿ ನೋಡುತ್ತಿದ್ದರು. ಗಾಡಿ ಮುಂದೆ ಹೋಗುತ್ತಿತ್ತು. ನನ್ನದೊಂದು ಮಾತು ಸಾಕಿತ್ತು. ಕಾಯಂ ಆದಮೇಲೆ ಹೇಳಿದರಾಯಿತು ಅಂದುಕೊಂಡೆ. ಕಾಯಂ ಆಯಿತು, ಮಗಳು ಓಡಾಡುವಂತೆಯೂ ಆದಳು. ಹೇಳಲಿಲ್ಲ, ಹೇಡಿ ನಾನು. ಈಗಲೂ ಎಲ್ಲಾದರೂ ನಿಂಬೆ ಎಲೆಯ ತುದಿ ಕಂದಿದ್ದು ಕಂಡರೆ, ಅವರು ಬೆನ್ನ ಹಿಂದೆ ನಿಂತಿದ್ದಾರೆ ಅನಿಸಿ ತಿರುಗಿ ನೋಡುತ್ತೇನೆ.

ಅರವತ್ತರ ದಶಕದ ನಡುವೆ ಅವರು ಹಾಸಿಗೆ ಹಿಡಿದರು. ಸುದ್ದಿ ತಿಳಿದು ನಾನು ಹೋದಾಗ ಮನೆತುಂಬ ಜನ, ಒಬ್ಬೊಬ್ಬರಾಗಿ ಬಾಯಿಗೆ ನೀರು ಬಿಡುತ್ತಿದ್ದರು. ಅವರ ಸೊಸೆ ನನ್ನ ಕೈಗೂ ಲೋಟ ಕೊಟ್ಟಳು. ಒಂದು ಗುಟುಕು ಬಿಟ್ಟೆ. ಮುಚ್ಚಿದ ಕಣ್ಣಲ್ಲೇ ಅವರು ಚಪ್ಪರಿಸಿದರು. ನಾಲಿಗೆಯ ತುದಿ ಹೊರಗೆ ಬಂತು.

“ಸಿಹಿ ಐತೆ,” ಎಂದರು. “ಸಸಿಗೆ ಬುಡಿ.”

“ಪಾಪ, ನಾಲಿಗೆ ಸತ್ತು ಎಷ್ಟೋ ವರ್ಷ ಆಯ್ತು. ಅಭ್ಯಾಸಕ್ಕೆ ಅಂತಾವ್ರೆ,” ಎಂದಳು ಸೊಸೆ. ಸುತ್ತ ನಿಂತವರೆಲ್ಲ ಹೌದೆಂದು ತಲೆಯಾಡಿಸಿದರು.

ನಾನೂ ಆಡಿಸಿದೆ.