ಅವ್ವನಷ್ಟೇ ವಯಸ್ಸಿನ ಸಣ್ಣವ್ವ

ಸಣ್ಣವ್ವ ಪಾತ್ರೆ ತಿಕ್ಕಲು ಕೂತು ಕುಪ್ಪಸದ ತೋಳನ್ನು ಮೇಲಕ್ಕೆ ಸರಿಸಿದರೆ ಅಲ್ಲೊಂದು ಗೆರೆ ಕಾಣುತ್ತಿತ್ತು. ಗೆರೆಯ ಕೆಳಗಿನ ಕೈ ಬಿಸಿಲಿಗೆ ಸುಟ್ಟು, ಹುರಿದ ಶೇಂಗಾದ ಸಿಪ್ಪೆಯ ಬಣ್ಣಕ್ಕೆ ತಿರುಗಿತ್ತು. ಚರ್ಮದ ತುಂಬ ಸಣ್ಣ ಸಣ್ಣ ನೆರಿಗೆ. ಗೆರೆಯ ಮೇಲಿನ ತೋಳು ಮಾತ್ರ ನನ್ನ ಅವ್ವನದು. ಅದೇ ಗೋಧಿಬಣ್ಣ, ಅದೇ ನುಣುಪು. ನಾನು ಚಿಕ್ಕವಳಿದ್ದಾಗ ಆ ಗೆರೆಯ ಮೇಲೆ ಬೆರಳಾಡಿಸಿ, "ಇಲ್ಲೀತನ ನೀನು, ಇಲ್ಲಿಂದ ಮ್ಯಾಲೆ ನಮ್ಮವ್ವ" ಎನ್ನುತ್ತಿದ್ದೆ. ಆಕೆ ಬೂದಿ ಮೆತ್ತಿದ ಕೈಯಿಂದಲೇ ನನ್ನ ಮೂಗು ಹಿಂಡಿ, "ಹಂಗಂದ್ರ ನಾ ಅರ್ಧಾ ನಿಮ್ಮವ್ವನ ಆದ್ನಲ್ಲ. ಬಾ, ಈ ತಂಬಿಗಿ ತಿಕ್ಕು" ಎಂದು ನಗುತ್ತಿದ್ದಳು.

ಅವ್ವ ಮತ್ತು ಸಣ್ಣವ್ವ ಅವಳಿ. ಕಕ್ಕೇರಾದ ಮನೆಯಲ್ಲಿ ಒಂದೇ ಬೆಳಗ್ಗೆ ಹುಟ್ಟಿದವರು. ಅವ್ವ ಮೊದಲು ಬಂದಳು, ಒಲೆಯ ಮೇಲಿನ ನೀರು ಕುದಿಯುವುದರೊಳಗೆ ಸಣ್ಣವ್ವ ಬಂದಳು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಹೆತ್ತವಳಿಗೇ ಗುರುತು ಹತ್ತದೆ ಒಬ್ಬಳ ಕಾಲಿಗೆ ಕರಿದಾರ ಕಟ್ಟಿದ್ದಳಂತೆ. ನಕ್ಕರೆ ಇಬ್ಬರಿಗೂ ಬಲಗಡೆಯ ಹಲ್ಲೊಂದು ಪಕ್ಕದ ಹಲ್ಲಿನ ಮೇಲೆ ಏರಿ ಕೂತಿರುವುದು ಕಾಣುತ್ತಿತ್ತು. ಇಬ್ಬರೂ ಸಿಟ್ಟು ಬಂದರೆ ಮೊದಲು ಕಿವಿ ಮುಟ್ಟಿಕೊಳ್ಳುತ್ತಿದ್ದರು.

ಸುರಪುರದಿಂದ ಒಬ್ಬ ಶಾಲೆ ಮಾಸ್ತರನ ಮನೆಯವರು ಹೆಣ್ಣು ನೋಡಲು ಬಂದರು. ಆ ಮಾಸ್ತರನೇ ನನ್ನ ಅಪ್ಪ. ಚಹಾ ತಂದವಳು ಯಾರು, ಅಡಕೆ ಎಲೆ ತಂದವಳು ಯಾರು ಎಂಬುದು ಅಪ್ಪನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಹಿರಿಯರು ಹೆಚ್ಚು ಯೋಚಿಸಲೂ ಇಲ್ಲ. ದೊಡ್ಡಾಕೆಯನ್ನು ಮನೆಯಲ್ಲಿಟ್ಟುಕೊಂಡು ಸಣ್ಣಾಕೆಯನ್ನು ಕೊಡುವ ಪದ್ಧತಿ ಇರಲಿಲ್ಲ, ಅಷ್ಟೇ. ಹೀಗೆ, ನೀರು ಕುದಿಯುವಷ್ಟು ಹೊತ್ತು ಮೊದಲು ಹುಟ್ಟಿದ್ದಕ್ಕೆ ಅವ್ವ ಮಾಸ್ತರನ ಹೆಂಡತಿಯಾಗಿ ಸುರಪುರಕ್ಕೆ ಬಂದಳು. ಮರುವರ್ಷ ಸಣ್ಣವ್ವನನ್ನು ತಿಂಥಣಿಗೆ ಕೊಟ್ಟರು. ಆಕೆಯ ಗಂಡನಿಗೆ ಹೊಳೆಯಲ್ಲಿ ಮೀನು ಹಿಡಿಯುವ ಕೆಲಸ, ಜೊತೆಗೆ ಒಂದು ತುಂಡು ಹೊಲ.

ಆಮೇಲಿನ ವರ್ಷಗಳು ಇಬ್ಬರ ಮೇಲೆ ಬೇರೆ ಬೇರೆ ರೀತಿಯಲ್ಲಿ ಕೆಲಸ ಮಾಡಿದವು. ಅವ್ವ ಹೊಸ್ತಿಲು ದಾಟಿ ದುಡಿಯುವ ಅಗತ್ಯ ಬೀಳಲಿಲ್ಲ. ಗ್ಯಾಸಿನ ಒಲೆ ಬಂತು, ನಲ್ಲಿ ಮನೆಯೊಳಗೇ ಬಂತು. ನಾನೊಬ್ಬಳೇ ಮಗಳು. ಸಣ್ಣವ್ವ ಗದ್ದೆಯಲ್ಲಿ ಬೆನ್ನು ಬಾಗಿಸಿ ಸಸಿ ಹಚ್ಚಿದಳು, ಹತ್ತಿ ಬಿಡಿಸಿದಳು, ಹತ್ತಿಕಟ್ಟಿಗೆಯ ಹೊರೆ ತಲೆಯ ಮೇಲೆ ತಂದು ಅದೇ ಕಟ್ಟಿಗೆಯ ಹೊಗೆಯಲ್ಲಿ ರೊಟ್ಟಿ ಬಡಿದಳು. ಮೇಲಿಂದ ಮೇಲೆ ಹೆತ್ತಳು. ಹಲ್ಲುನೋವಿಗೆಂದು ಸುಟ್ಟ ತಂಬಾಕಿನ ಪುಡಿ ತಿಕ್ಕಲು ಶುರುಮಾಡಿ, ನೋವು ಹೋದ ಮೇಲೂ ಅದನ್ನು ಬಿಡಲಿಲ್ಲ. ನಲವತ್ತೈದು ದಾಟುವುದರೊಳಗೆ ಅವರಿಬ್ಬರನ್ನು ಅವಳಿಗಳೆಂದು ಹೇಳಿದರೆ ಜನ ನಂಬುತ್ತಿರಲಿಲ್ಲ.

ಒಮ್ಮೆ ಸುರಪುರದ ಬಳೆ ಅಂಗಡಿಗೆ ನಾವು ಮೂವರೂ ಹೋಗಿದ್ದೆವು. ಅಂಗಡಿಯವನು ಹೊಸಬ. ಅವ್ವನ ಕೈಗೆ ಬಳೆ ಏರಿಸಿ, ಸಣ್ಣವ್ವನನ್ನು ತೋರಿಸಿ ಬಹಳ ಗೌರವದಿಂದ, "ನಿಮ್ಮ ತಾಯಿಯವ್ರಿಗೆ ಯಾವ ಬಣ್ಣದವು ಕೊಡ್ಲಿರಿ?" ಎಂದು ಕೇಳಿದ. ಅವ್ವನ ಮುಖ ಕಪ್ಪಿಟ್ಟಿತು. ಕೈ ಕಿವಿಗೆ ಹೋಯಿತು. ಸಣ್ಣವ್ವ ಮಾತ್ರ ಗಂಭೀರವಾಗಿ ಮುಂದೆ ಬಂದು, "ನನಗೇನ ಬ್ಯಾಡಪಾ. ಈಕಿ ನನ್ನ ಮಗಳು. ಭಾಳ ನಾಜೂಕ ಬೆಳಸೀನಿ, ಈಕಿಗಿ ಚಲೋವು ನೋಡಿ ಹಾಕು" ಎಂದಳು. ಹೊರಗೆ ಬಂದ ಮೇಲೆ ಅವ್ವ ಅಲ್ಲೇ ಬೀದಿಯಲ್ಲಿ ಅತ್ತುಬಿಟ್ಟಳು. ಸಣ್ಣವ್ವನಿಗೆ ಅದು ಅರ್ಥವೇ ಆಗಲಿಲ್ಲ. "ಮುದುಕಿ ಅನಿಸಿಕೊಂಡಾಕಿ ನಾನು, ಅಳಾಕಿ ನೀನು. ಇದ್ಯಾವ ನ್ಯಾಯವ್ವ?" ಎಂದು ಸೆರಗಿನಿಂದ ಅಕ್ಕನ ಮುಖ ಒರೆಸಿದಳು.

ನಾನೀಗ ಶಹಾಪುರದಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ವಂಶವಾಹಿಗಳು ಒಂದೇ ಆಗಿದ್ದರೂ ಬಿಸಿಲು, ಹೊಗೆ, ಊಟ, ದುಡಿಮೆಗಳು ದೇಹವನ್ನು ಬೇರೆ ಬೇರೆ ದಾರಿಯಲ್ಲಿ ಸವೆಸುತ್ತವೆ ಎಂದು ಹೇಳುವಾಗ ನನ್ನ ಕಣ್ಣ ಮುಂದೆ ಇವರಿಬ್ಬರೇ ಬರುತ್ತಾರೆ. ಕೆಲವು ವಿಷಯಗಳಲ್ಲಿ ವಂಶವಾಹಿ ತನ್ನ ಮಾತು ಬಿಟ್ಟುಕೊಡಲಿಲ್ಲ. ಇಬ್ಬರ ಕೂದಲೂ ಎಡಗಿವಿಯ ಮೇಲ್ಗಡೆಯೇ ಮೊದಲು ನರೆಯಿತು, ಅದೂ ಒಂದೇ ಬೇಸಗೆಯಲ್ಲಿ. ಉಳಿದದ್ದನ್ನೆಲ್ಲ ಬದುಕು ಹಂಚಿತು. ಆದರೆ ಹಂಚುವಾಗ ಎಲ್ಲ ಲಾಭವನ್ನೂ ಅವ್ವನ ಕಡೆಗೇ ಹಾಕಿರಲಿಲ್ಲ. ಅದು ನಮಗೆ ತಡವಾಗಿ ತಿಳಿಯಿತು.

ಅಪ್ಪ ತೀರಿಕೊಂಡ ಎರಡು ವರ್ಷಕ್ಕೆ ಅವ್ವ ಬಚ್ಚಲಲ್ಲಿ ಜಾರಿ ಬಿದ್ದಳು. ಜೋರಾಗಿ ಬಿದ್ದದ್ದೇನಲ್ಲ. ಆದರೂ ಸೊಂಟದ ಕೀಲಿನ ಎಲುಬು ಮುರಿದಿತ್ತು. ಕಲಬುರಗಿಯಲ್ಲಿ ಆಪರೇಷನ್ ಆಯಿತು. ಎಲುಬು ಬಹಳ ಸವೆದಿದೆ, ಬಿಸಿಲು ಕಂಡಿಲ್ಲ, ಭಾರ ಹೊತ್ತಿಲ್ಲ, ಸಕ್ಕರೆ ಕಾಯಿಲೆ ಬೇರೆ ಎಂದರು ಡಾಕ್ಟರು. ಅದೇ ವರ್ಷ ಸಣ್ಣವ್ವ ಹೊರೆ ಸಮೇತ ಕಾಲುವೆಯ ಏರಿಯಿಂದ ಉರುಳಿ ಬಿದ್ದು, ಮೈ ಕೊಡವಿಕೊಂಡು ಎದ್ದು ಮನೆಗೆ ಹೋಗಿ ಅಡುಗೆ ಮಾಡಿದ್ದಳು.

ಮನೆಗೆ ಬಂದ ಮೇಲೆ ಅವ್ವ ಹಾಸಿಗೆ ಬಿಡಲಿಲ್ಲ. ನಡೆದಷ್ಟೂ ಒಳ್ಳೆಯದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಆಕೆ ಕಾಲು ನೆಲಕ್ಕೆ ಊರಲೂ ಒಪ್ಪಲಿಲ್ಲ. ಮತ್ತೆ ಬೀಳುವ ಭಯ. ಮಲಗಿ ಮಲಗಿ ಕಾಲು ಕಡ್ಡಿಯಾದವು, ಬೆನ್ನಿನ ಮೇಲೆ ಹುಣ್ಣು ಏಳತೊಡಗಿತು. ಬಹಳ ವರ್ಷ ಅತಿಥಿ ಶಿಕ್ಷಕಿಯಾಗಿ ಅಲೆದ ಮೇಲೆ ನನಗೆ ಆಗಷ್ಟೇ ಶಹಾಪುರದ ಶಾಲೆಯಲ್ಲಿ ಖಾಯಂ ನೌಕರಿ ಸಿಕ್ಕಿತ್ತು. ರಜೆ ಮುಗಿದಿತ್ತು. ಅವ್ವನನ್ನು ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ನೌಕರಿ ಬಿಡುವುದೆಂದು ನಾನು ನಿಶ್ಚಯಿಸಿದ್ದೆ.

ಸುದ್ದಿ ತಿಂಥಣಿಗೆ ಮುಟ್ಟಿತು. ಮರುದಿನದ ಮೊದಲ ಬಸ್ಸಿಗೆ ಸಣ್ಣವ್ವ ಬಂದಿಳಿದಳು. ಕಂಕುಳಲ್ಲಿ ಒಂದು ಬಟ್ಟೆಗಂಟು, ಕೈಯಲ್ಲಿ ಪುಂಡಿಸೊಪ್ಪಿನ ಕಟ್ಟು. ಚಪ್ಪಲಿ ಬಿಡುವ ಮೊದಲೇ ನನ್ನನ್ನು ತರಾಟೆಗೆ ತೆಗೆದುಕೊಂಡಳು.

"ನೌಕರಿ ಬಿಡ್ತೀಯಂತ? ತಲಿ ಕೆಟ್ಟದೇನ ನಿನಗ?"

"ಮತ್ತ ಅವ್ವನ್ನ ಯಾರು ನೋಡ್ಬೇಕು ಸಣ್ಣವ್ವ?"

"ನನಗೇನ ಕಣ್ಣಿಲ್ಲೇನ? ನಾ ನೋಡ್ತೀನಿ. ನೀ ಸಾಲಿಗಿ ಹೋಗು."

"ಈಗ ಸಸಿ ಹಚ್ಚೋ ಟೈಮು. ಹೊಲಾ ಏನು ಮಾಡ್ತಿ?"

"ಹೊಲಾ ಎಲ್ಲಿ ಓಡಿ ಹೋಗ್ತದ? ಮಗ ಅದಾನ, ಸೊಸಿ ಅದಾಳ. ಒಂದು ವರ್ಷ ಅವರ ಬೆನ್ನೂ ಬಾಗ್ಲಿ."

ಮುಂದಿನ ಸೋಮವಾರ ನಾನು ಶಹಾಪುರದ ಬಸ್ಸು ಹತ್ತಿದೆ. ಶನಿವಾರ ಮನೆಗೆ ಬಂದಾಗ ಅವ್ವ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಸಣ್ಣವ್ವ ಎದುರಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಜಗಳ ನಡೆದಿತ್ತು.

"ನನ್ನಿಂದ ಆಗಂಗಿಲ್ಲ," ಎಂದಳು ಅವ್ವ. "ವಯಸ್ಸಾತು. ಇನ್ನ ನಡದು ಎಲ್ಲಿಗಿ ಹೋಗೋದದ?"

ಸಣ್ಣವ್ವ ನಗತೊಡಗಿದಳು. ನಕ್ಕು ನಕ್ಕು ಕೆಮ್ಮು ಬಂತು.

"ಯಾರ ಮುಂದ ಹೇಳಾಕತ್ತಿ ವಯಸ್ಸಾತಂತ? ಓಣಿ ಮಂದಿ ಮುಂದ ಹೇಳು, ನಿನ್ನ ಮಗಳ ಮುಂದ ಹೇಳು, ನಂಬ್ತಾರ. ನನ್ನ ಮುಂದ ಹ್ಯಾಂಗ ಹೇಳ್ತಿ? ನಿನಗೆಷ್ಟೋ ನನಗೂ ಅಷ್ಟ. ನೀ ಮುದುಕಿ ಆಗಿದ್ರ ನಾ ಏನು ಹರೇದಾಕಿ ಇದ್ದೀನೇನ?"

"ನಿನ್ನ ಎಲುಬು ಗಟ್ಟಿ ಅದಾವ."

"ಒಂದ ಹೊಟ್ಟ್ಯಾಗ ಆದ ಎಲುಬು. ನಂದೇನು ಕಬ್ಬಿಣದ್ದೇನ?"

ಆಗ ಅವ್ವ ಬಹಳ ವರ್ಷದಿಂದ ಒಳಗಿಟ್ಟುಕೊಂಡಿದ್ದನ್ನು ಆಡಿಬಿಟ್ಟಳು. "ನೀ ದುಡದಾಕಿ, ಗಟ್ಟಿ ಆದಿ. ನಾ ಕುಂತಾಕಿ. ನೀ ಕುಂಡ್ರೋ ಜಾಗಾದಾಗ ನಾ ಬಂದು ಕುಂತೆ. ನಿನ್ನ ಮಾರಿ ನೋಡಿದಾಗೊಮ್ಮೆ ನನಗ ಅದ ಅನಸ್ತದ. ಅದರ ಶಿಕ್ಷಾ ಇದು."

ಸಣ್ಣವ್ವ ಅಕ್ಕನ ಪಕ್ಕದಲ್ಲಿ ಕೂತಳು. ಆಕೆ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಮತ್ತೆಂದೂ ಕೇಳಲಿಲ್ಲ.

"ಹುಚ್ಚಿ. ನಿನ್ನ ಜಾಗಾ ನನಗ ಬೇಕಿತ್ತಂತ ಯಾರು ಹೇಳ್ಯಾರ? ನನ್ನ ಗಂಡ ಚಲೋ ಮನಷ್ಯಾ. ನನ್ನ ಮಕ್ಕಳು ಚಲೋ ಅದಾವ. ಹೊಳಿ ದಂಡಿಮ್ಯಾಲೆ ಸಂಜೀಕಿ ಕುಂತ್ರ ಅರಮನಿ ಬ್ಯಾಡ ಅನಸ್ತದ. ಮಾರಿ ಸುಟ್ಟದ, ಖರೇ. ನನ್ನ ಮಾರಿ ನಾ ನೋಡಂಗಿಲ್ಲ, ನೋಡೋರು ನೀವು." ಎಂದವಳೇ ಎದ್ದು ನಿಂತು ಹಳೆಯ ದನಿಗೆ ಮರಳಿದಳು. "ನಿನ್ನ ಕನಿಕರಾ ನೀನ ಇಟ್ಕೊ. ನನಗ ಏನರ ಕೊಡಬೇಕು ಅನಸಿದ್ರ ಎದ್ದು ನಿಲ್ಲು, ಅಷ್ಟ ಸಾಕು. ಏಳು."

ಅವ್ವ ಎದ್ದಳು. ತಂಗಿಯ ಎರಡೂ ತೋಳು ಹಿಡಿದು, ಅಳುತ್ತ, ಬೈಯುತ್ತ ಎದ್ದು ನಿಂತಳು.

ಅಲ್ಲಿಂದ ಮುಂದೆ ಸಣ್ಣವ್ವನದು ರಾಕ್ಷಸ ಹಟ. ಮೊದಲು ಅಡುಗೆಮನೆಯವರೆಗೆ, ಆಮೇಲೆ ಅಂಗಳದವರೆಗೆ, ಆಮೇಲೆ ಓಣಿಯ ತುದಿಯ ಹಿಟ್ಟಿನ ಗಿರಣಿಯವರೆಗೆ. ತಾನು ಹಿಂದಕ್ಕೆ ಹೆಜ್ಜೆಯಿಡುತ್ತ ಅಕ್ಕನನ್ನು ಮುಂದಕ್ಕೆ ಎಳೆಯುತ್ತಿದ್ದಳು. ಬೆಳಗಿನ ಎಳೆಬಿಸಿಲಿಗೆ ಕಾಲು ಚಾಚಿ ಕೂರಿಸಿ ಶೇಂಗಾ ಎಣ್ಣೆ ತಿಕ್ಕುತ್ತಿದ್ದಳು. ದಾರಿಹೋಕರು "ತಾಯಿ ಎಷ್ಟ ಜ್ವಾಕಿ ಮಾಡ್ತಾಳ ನೋಡ್ರಿ" ಎಂದು ಮೆಚ್ಚುತ್ತಿದ್ದರು. ಅವ್ವ ಈಗ ಅಳುತ್ತಿರಲಿಲ್ಲ. "ತಾಯಿ ಅಲ್ರಿ, ನನ್ನ ತಂಗಿ. ನನ್ನ ಬೆನ್ನಿಗೇ ಹುಟ್ಟಿದಾಕಿ" ಎಂದು ಒಬ್ಬೊಬ್ಬರನ್ನೂ ನಿಲ್ಲಿಸಿ ಹೇಳುತ್ತಿದ್ದಳು. ಹಾಗೆ ನಿಂತು ಹೇಳುವುದರಲ್ಲೇ ಆಕೆಯ ಕಾಲಿಗೆ ಬಲ ಬಂತು ಎಂದು ಸಣ್ಣವ್ವ ನಗುತ್ತಿದ್ದಳು.

ಬತ್ತದ ಸುಗ್ಗಿ ಹತ್ತಿರ ಬಂದಾಗ ಸಣ್ಣವ್ವ ಊರಿಗೆ ಹೊರಟಳು. ಅವ್ವ ಕೋಲು ಹಿಡಿದು ಬಸ್ ಸ್ಟ್ಯಾಂಡಿನವರೆಗೂ ನಡೆದು ಹೋಗಿ ಕಳಿಸಿಬಂದಳು. ನಾನು ನೌಕರಿಯಲ್ಲಿ ಉಳಿದೆ. ಇವತ್ತು ನನ್ನದೆಂದು ಹೇಳಿಕೊಳ್ಳುವ ಸಂಬಳ, ಮನೆ, ಎದುರು ಬಂದು "ನಮಸ್ಕಾರ ಟೀಚರ್" ಎನ್ನುವ ಮಕ್ಕಳು, ಎಲ್ಲವೂ ಆಕೆ ತನ್ನ ಹೊಲ ಬಿಟ್ಟು ಬಂದು ಕೊಟ್ಟದ್ದು. ಒಮ್ಮೆ ಇದನ್ನೇ ಬಾಯಿಬಿಟ್ಟು ಹೇಳಲು ಹೋದೆ. "ಏ ಹೋಗ. ಸಾಲ್ಯಾಗ ಹುಡುಗ್ರಿಗಿ ಭಾಷಣ ಮಾಡು, ನನಗ ಬ್ಯಾಡ" ಎಂದಳು.

ಒಲೆಯ ಹೊಗೆ ತನ್ನ ಪಾಲನ್ನು ಕೇಳಿಯೇ ತೀರಿತು. ಅಕ್ಕನ ಮುಂದೆ ನಕ್ಕಾಗ ಬಂದ ಆ ಕೆಮ್ಮು ಹೋಗಲೇ ಇಲ್ಲ. ನಾನು ಯಾದಗಿರಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಪುಪ್ಪುಸ ಬಹಳ ಕೆಟ್ಟಿದೆ ಎಂದರು. ಔಷಧಿ ಕೊಡಿಸಿದೆ, ಅವಳ ಮನೆಗೆ ಗ್ಯಾಸಿನ ಒಲೆ ಹಾಕಿಸಿದೆ. ತಡವಾಗಿತ್ತು. ಕೊನೆಯ ಚಳಿಗಾಲದಲ್ಲಿ ಅವ್ವ ತಾನೇ ತಿಂಥಣಿಗೆ ಹೋಗಿ ತಿಂಗಳುಗಟ್ಟಲೆ ತಂಗಿಯ ಬಳಿ ಇದ್ದಳು. ಉಸಿರು ಹತ್ತದೆ ಗೋಡೆಗೆ ಒರಗಿ ಕೂತ ಸಣ್ಣವ್ವ, ಅಂಗಳ ಗುಡಿಸುವ ಅಕ್ಕನನ್ನು ನೋಡುತ್ತ, "ಈಗ ಕುಂಡ್ರೋ ಪಾಳಿ ನಂದು" ಎನ್ನುತ್ತಿದ್ದಳಂತೆ.

ಸಂಕ್ರಾಂತಿಗೆ ಅವ್ವ ಔಷಧಿಗೆಂದು ಸುರಪುರಕ್ಕೆ ಬಂದಿದ್ದಾಗಲೇ ಸಣ್ಣವ್ವ ಹೋದಳೆಂಬ ಸುದ್ದಿ ಬಂತು. ನಾವಿಬ್ಬರೂ ಹೊರಟೆವು. ಬಸ್ಸಿಳಿದು ಅವ್ವ ನನ್ನ ಕೈ ಹಿಡಿಯದೆ, ಕೋಲೂರಿಕೊಂಡು ಹೊಳೆದಂಡೆಯ ಮನೆಯವರೆಗೂ ನಡೆದಳು. ಮಣ್ಣು ಮುಗಿಸಿ ಬಂದು ಎಲ್ಲರೂ ಅಂಗಳದಲ್ಲಿ ಕೂತಾಗ, ಸಣ್ಣವ್ವನ ಸೊಸೆ ಅವ್ವನ ಮುಖವನ್ನೇ ನೋಡುತ್ತಿದ್ದವಳು ತಡೆಯಲಾರದೆ ಬಿಕ್ಕಿದಳು.

"ದೊಡ್ಡತ್ತಿ, ನಮ್ಮತ್ತಿ ನೆಳ್ಳಾಗ ಕುಂತಿದ್ರ ಆಕೀನೂ ಹಿಂಗ ಇರ್ತಿದ್ಲು. ಇನ್ನಾ ಇರ್ತಿದ್ಲು."

ಅವ್ವ ಆ ಹುಡುಗಿಯ ತಲೆಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ಹೌದವ್ವ, ಇರ್ತಿದ್ಲು," ಎಂದಳು. "ಆದ್ರ ಆಕಿ ನೆಳ್ಳಾಗ ಕುಂತಿದ್ರ, ನನ್ನನ್ನ ಎಬ್ಬಿಸೋರು ಯಾರೂ ಇರ್ತಿದ್ದಿಲ್ಲ."