ಕನ್ನಡಿ ಕೊಟ್ಟು ಸುಮ್ಮನೆ ಕೂರುವ ವಿದ್ಯೆ

ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರಿನ ಹಲ್ಲಿನ ಡಾಕ್ಟರರಿಗೆ ರುದ್ರೇಶ ಹಲ್ಲೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಕಲಿಸುತ್ತಿದ್ದ. ಬಂದವರನ್ನು ಎಲ್ಲಿ ಕೂರಿಸಬೇಕು, ಎಷ್ಟು ಕಾಯಿಸಬೇಕು, ಯಾವ ಮಾತು ಆಡಬೇಕು, ಯಾವಾಗ ಬಾಯಿ ಮುಚ್ಚಿಕೊಂಡಿರಬೇಕು. ಅವನು ಡಾಕ್ಟರನಲ್ಲ. ಬಿ.ಕಾಂ. ಮುಗಿಸಿ, ಹಲ್ಲಿಗೆ ತುಂಬುವ ಸಿಮೆಂಟು, ಅಚ್ಚು ತೆಗೆಯುವ ಪುಡಿ ಮಾರುತ್ತ ಬೈಕಿನ ಮೇಲೆ ದವಾಖಾನೆಯಿಂದ ದವಾಖಾನೆಗೆ ತಿರುಗಿದವನು. ಹೊರಗಿನ ಬೆಂಚಿನ ಮೇಲೆ ಕಾಯುತ್ತ ಕುಳಿತಾಗ ಅವನಿಗೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಜನ ಬರುತ್ತಿದ್ದರು, ನೋಯುವ ಹಲ್ಲು ಕೀಳಿಸಿಕೊಂಡು ಹೋಗುತ್ತಿದ್ದರು, ಮತ್ತೆ ಆ ಕಡೆ ತಲೆ ಹಾಕುತ್ತಿರಲಿಲ್ಲ. ಡಾಕ್ಟರು ಒಳಗೆ ಪೇಪರ್ ಓದುತ್ತ ಕೂತಿರುತ್ತಿದ್ದರು.

ಅಂದಿನಿಂದ ಅವನು ಓದಿಗೆ ಬಿದ್ದ. ನಸುಕಿನಲ್ಲೆದ್ದು ವ್ಯಾಪಾರದ ಪುಸ್ತಕಗಳನ್ನು ಪೆನ್ಸಿಲ್ ಹಿಡಿದು ಓದುವನು. ‘ಓದಿದ ದಿನ ನಾನು ಮನುಷ್ಯ, ಓದದ ದಿನ ಬರೀ ಬೈಕ್ ಸವಾರ’ ಎಂಬುದು ಅವನ ಮಾತು. ಬಂಕಾಪುರದ ಮನೆಯಲ್ಲಿ ಅವನ ತಾಯಿ ಹಾಲವ್ವ ಓಣಿಯವರಿಗೆ ಹೇಳುವಳು: “ನನ್ನ ಮಗ ಡಾಕ್ಟರರಿಗೇ ಮಾಸ್ತರ ಅದಾನ್ರಿ.”

ಆದರೆ ಅವನ ಅಸಲಿ ವಿದ್ಯೆ ಯಾವ ಪುಸ್ತಕದ್ದೂ ಅಲ್ಲ, ಅವನದೇ. “ಹಲ್ಲು ಚಂದ ಇಲ್ಲ ಅಂತ ನೀವು ಹೇಳಬ್ಯಾಡ್ರಿ ಡಾಕ್ಟರ. ಕೈಯಾಗ ಕನ್ನಡಿ ಕೊಡ್ರಿ, ಲೈಟ್ ಹಚ್ಚರಿ, ಸುಮ್ಮಕ ಕುಂದರ್ರಿ. ಮೊದಲನೇ ಮಾತು ಅವರ ಬಾಯಿಂದನ ಬರಬೇಕು. ನೋವು ಇದ್ದಾಂವ ಒಂದ ಸಲ ಬರ್ತಾನ. ನಾಚಿಕಿ ಹತ್ತಿದಾಂವ ಬಿಡದ ಬರ್ತಾನ.”

ಅವನ ತಂಗಿ ತನುಜಾಳಿಗೆ ನಾಚಿಕೆ ಎಂಬುದೇ ಗೊತ್ತಿರಲಿಲ್ಲ. ಬೋರಿನ ನೀರು ಕುಡಿದು ಬೆಳೆದ ಹುಡುಗಿ. ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆ ಎದ್ದಿದ್ದವು. ಓಣಿಯ ಅರ್ಧ ಜನರಿಗೂ ಹಾಗೇ ಇದ್ದವು. ಆದರೆ ಗಟ್ಟಿ ಎಂದರೆ ಗಟ್ಟಿ. ಕಬ್ಬಿನ ಸಿಪ್ಪೆ ಹಲ್ಲಿನಲ್ಲೇ ಸುಲಿಯುವಳು, ಕಟಕ ರೊಟ್ಟಿ ಕಟುಂ ಎಂದು ಕಡಿಯುವಳು. ಅವಳು ನಕ್ಕರೆ ಮೂರು ಮನೆ ಆಚೆಗೆ ಕೇಳುತ್ತಿತ್ತು.

ರಟ್ಟೀಹಳ್ಳಿಯ ಕಡೆಯಿಂದ ಅವಳನ್ನು ನೋಡಲು ಬರುವುದು ಗೊತ್ತಾದಾಗ ರುದ್ರೇಶ ಹಿರೇಕೆರೂರಿನಲ್ಲಿದ್ದ. ಹೊಸ ದವಾಖಾನೆಯೊಂದನ್ನು ಶುರು ಮಾಡಿಸಲು ಅಲ್ಲೇ ಲಾಡ್ಜಿನಲ್ಲಿ ಉಳಿದಿದ್ದ. ತನುಜಾ ಹಲ್ಲು ಕ್ಲೀನ್ ಮಾಡಿಸಿಕೊಂಡು ಬರೋಣವೆಂದು ಶಿಗ್ಗಾಂವಿಗೆ ಹೋದಳು. ಡಾಕ್ಟರ್ ಸುದೀಪನ ದವಾಖಾನೆಗೇ ಹೋದಳು, ಏಕೆಂದರೆ ಅಣ್ಣ ಊಟಕ್ಕೆ ಕೂತಾಗಲೆಲ್ಲ ಹೊಗಳುತ್ತಿದ್ದದ್ದು ಅವನನ್ನೇ. ತಾನು ಯಾರ ತಂಗಿಯೆಂದು ಅಲ್ಲಿ ಹೇಳಲಿಲ್ಲ. ‘ನನ್ನ ಹೆಸರು ಹೇಳಿ ಯಾವ ದವಾಖಾನಿಯಾಗೂ ರಿಯಾಯಿತಿ ಕೇಳಬ್ಯಾಡ್ರಿ’ ಎಂದು ಅಣ್ಣನೇ ಮನೆಯವರಿಗೆಲ್ಲ ಕಟ್ಟಪ್ಪಣೆ ಮಾಡಿದ್ದ.

ನೋಡಲು ಬರುವ ದಿನ ರುದ್ರೇಶ ಮನೆ ಮುಟ್ಟುವಷ್ಟರಲ್ಲಿ ಬೀಗರಾಗುವವರು ಚಾಪೆಯ ಮೇಲೆ ಕೂತಿದ್ದರು. ತನುಜಾ ಚಹಾ ತಂದು ತುಟಿ ತುಸುವೇ ತೆರೆದು ನಕ್ಕಳು. ಬಿಳಿ ಬಿಳಿ ಹಲ್ಲು. ಹಲ್ಲು ಅರೆದು ಮೇಲೆ ತೊಡಿಸಿದ ಕ್ಯಾಪು ಎಂದು ಅವನಿಗೆ ಒಮ್ಮೆಲೇ ತಿಳಿಯಿತು. ಎದೆ ಝಲ್ಲೆನ್ನುವ ಮೊದಲು ಅವನ ಕಸುಬಿನ ಕಣ್ಣು ಬಣ್ಣ ಚೆನ್ನಾಗಿ ಹೊಂದಿದೆ ಎಂದು ಮೆಚ್ಚಿಕೊಂಡಿತು.

“ನಮಗ ಒಪ್ಪಿಗಿ ಐತ್ರಿ, ಬಾಯಿ ಸಿಹಿ ಮಾಡ್ರಿ” ಎಂದಳು ಹುಡುಗನ ತಾಯಿ. ತಾನೇ ಶೇಂಗಾ ಉಂಡಿ ಎತ್ತಿ ಹುಡುಗಿಯ ಬಾಯಿಗಿಟ್ಟಳು. ಬೆಲ್ಲದ ಪಾಕ ಗಟ್ಟಿಯಾಗಿತ್ತು. ಹಳೆಯ ರೂಢಿಯಲ್ಲಿ ತನುಜಾ ಕಟುಂ ಎಂದು ಕಡಿದಳು. ಕ್ಯಾಪೊಂದು ಉಂಡಿಯಲ್ಲೇ ಉಳಿಯಿತು. ಕ್ಯಾಪುಗಳಿಗೆ ಹಚ್ಚಿದ್ದು ಸದ್ಯದ ಮಟ್ಟಿಗಿನ ಅಂಟು. ಗಟ್ಟಿಯಾಗಿ ಕೂಡಿಸಲು ಅವಳು ಇನ್ನೊಮ್ಮೆ ಹೋಗಬೇಕಿತ್ತು. ಜನ ಮರಳಿ ಬರುವಂತೆ ಕೆಲಸವನ್ನು ಭಾಗ ಮಾಡಿರಿ ಎಂಬುದೂ ರುದ್ರೇಶನ ಪಾಠವೇ.

ಹುಡುಗನ ತಾಯಿ ಅವಳ ಗದ್ದ ಹಿಡಿದೆತ್ತಿ ಬಾಯೊಳಗೆ ನೋಡಿದಳು. ಅರೆದು ಅರೆದು ಉಳಿಸಿದ ಮೊಳಕೆಯಂಥ ತುಂಡು.

“ಯವ್ವಾ, ಕಟ್ಟಿಸಿದ ಹಲ್ಲು! ಈ ವಯಸ್ಸಿಗೇ ಹಲ್ಲು ಹೋಗ್ಯಾವಂದ್ರ ಇನ್ನೂ ಏನೇನು ಮುಚ್ಚಿಟ್ಟೀರಿ ನೀವು?”

“ಇಲ್ರೀ ಯಕ್ಕಾ, ನನ್ನ ಮಗಳ ಹಲ್ಲು ಕಬ್ಬಿಣ ಇದ್ದಂಗ ಇದ್ದುವ್ರಿ” ಎಂದು ಹಾಲವ್ವ ಕೈ ಮುಗಿದಳು.

“ಹೂಂ, ಅದಕ್ಕ ತುಕ್ಕು ಹಿಡಿದು ಉದುರ್ಯಾವ” ಎಂದಳು ಆಕೆ. ಬಂದವರೆಲ್ಲ ನಕ್ಕರು. ನಕ್ಕಾಗ ಆಕೆಯ ಹಲ್ಲಿನ ಮೇಲೂ ಅದೇ ಕಂದು ಗೆರೆ ಕಂಡವು. ಚಹಾ ಹಾಗೇ ಬಿಟ್ಟು ಎದ್ದು ಹೋದರು.

ತನುಜಾ ಅಡುಗೆಮನೆಯ ಮೂಲೆಯಲ್ಲಿ ಕೂತಿದ್ದಳು.

“ಹಲ್ಲು ತಿಕ್ಕಿಸ್ಕೊಂಡ ಬರಾಕ ಹೋದಾಕಿ, ಇದನ್ಯಾಕ ಮಾಡಿಸ್ದಿ? ಯಾರು ಹೇಳಿದ್ರು?” ಎಂದ ರುದ್ರೇಶ.

“ಯಾರೂ ಏನೂ ಅನ್ನಲಿಲ್ಲಣ್ಣ. ಕನ್ನಡಿ ಕೊಟ್ಟು ಸುಮ್ಮಕ ಕುಂತ್ರು. ನಾನ ಅಂದೆ, ಏನರ ಮಾಡ್ರಿ ಅಂತ.”

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಕೇಳಿದಳು: “ಅವು ಮತ್ತ ಬೆಳೀತಾವೇನಣ್ಣ?”

“ಇಲ್ಲ.”

ಮುಂದಿನ ವಾರ ಹಾನಗಲ್ಲಿನಲ್ಲಿ ಡಾಕ್ಟರರ ಸಭೆ ಇತ್ತು. ಕನ್ನಡಿಯ ಪಾಠ ಇಂದಿಗೆ ಮುಗಿಯಿತು ಎಂದು ಹೇಳಿಬಿಡಬೇಕೆಂದು ರುದ್ರೇಶ ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡು ಹೋದ. ಸವಣೂರಿನ ಡಾಕ್ಟರೊಬ್ಬರು ಅಂದೇ ಹೊಸದಾಗಿ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಇವನು ಬಾಯಿ ತೆರೆಯುವ ಮೊದಲೇ ಸುದೀಪ ಎದ್ದು ನಿಂತ.

“ಒಂದು ಕೇಸ್ ಹೇಳ್ತೇನಿ ಕೇಳ್ರಿ. ಬಂಕಾಪುರದ ಹುಡುಗಿ, ಬರೇ ಕ್ಲೀನ್ ಮಾಡಸಾಕ ಬಂದಿದ್ಲು. ಕನ್ನಡಿ ಕೊಟ್ಟು ಕುಂತೆ. ಮೊದಲ ನಕ್ಕಳು. ನಾ ನಗಲಿಲ್ಲ. ತಡದು ತಡದು ಆಕಿ ನಗು ತಾನ ನಿಂತ್ಹೋತು. ಮುಂದಿನ ಹಲ್ಲು ಎಲ್ಲಾ ಕ್ಯಾಪ್!”

“ಹಲ್ಲು ಹುಳಕ ಇದ್ದುವೇನು?” ಯಾರೋ ಕೇಳಿದರು.

“ಎಲ್ಲೀ ಹುಳಕ! ಅರದು ಅರದು ನನ್ನ ಕೈನ ಸೋತ್ವು” ಎಂದ ಸುದೀಪ. ಹಾಲ್ ತುಂಬ ನಗು. “ಎಲ್ಲಾ ನಮ್ಮ ರುದ್ರೇಶ ಸರ್ ವಿದ್ಯಾ. ಹೊಡೀರಿ ಚಪ್ಪಾಳಿ!”

ಎಲ್ಲರೂ ಇವನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ರುದ್ರೇಶನ ಕೈಗಳೂ ತಾವಾಗಿ ಚಪ್ಪಾಳೆ ತಟ್ಟಿದವು. ಸವಣೂರಿನವರು ಪೆನ್ನು ತೆಗೆದು ಕೇಳಿದರು: “ನಗು ನಿಂತ ಮ್ಯಾಲೂ ಸುಮ್ಮನ ಕುಂದರಬೇಕೇನ್ರಿ ಸರ್?”

ದಾರಿಯಲ್ಲಿ ಹೊಂದಿಸಿಕೊಂಡು ಬಂದ ಮಾತು ನಾಲಿಗೆಯ ತುದಿಯಲ್ಲಿತ್ತು. ರುದ್ರೇಶ ಅದನ್ನು ನುಂಗಿದ.

“ಕನ್ನಡಿ ತಿರುಗಿ ಇಸಗೋಬ್ಯಾಡ್ರಿ,” ಎಂದ. “ಆಕಿ ಸೆರಗು ಬಾಯಿಗೆ ಹೋಗೂತನಕ ಕುಂದರ್ರಿ.”